ವಾರ್ಡ್ ಮರುವಿಂಗಡಣೆಯ ಕರಡು ಬಂದಾಗ: ಚಕ್ಕುಬಂದಿ ಓದುವುದರಿಂದ ಆಕ್ಷೇಪಣೆ ಸಲ್ಲಿಸುವವರೆಗೆ

ವಾರ್ಡ್ ಮರುವಿಂಗಡಣೆಯ, ಅಂದರೆ ವಾರ್ಡ್ ಗಡಿಗಳನ್ನು ಹೊಸದಾಗಿ ಬರೆಯುವ, ಕರಡು ಅಧಿಸೂಚನೆ ಹೊರಬಿದ್ದ ಮೇಲೆ ಆಕ್ಷೇಪಣೆ ಸಲ್ಲಿಸಲು ಜನರ ಕೈಗೆ ಸಾಮಾನ್ಯವಾಗಿ ಸಿಗುವುದು ಹದಿನೈದು ದಿನ. ಅದರಲ್ಲಿ ನಾಲ್ಕೈದು ದಿನ ಸುದ್ದಿ ಊರೆಲ್ಲ ಹರಡುವುದರಲ್ಲೇ ಕಳೆಯುತ್ತದೆ. ಬೆಂಗಳೂರಿನಲ್ಲಿ 2022ರಲ್ಲಿ 243 ವಾರ್ಡ್‌ಗಳ ಕರಡು ಜೂನ್ 23ರಂದು ಪ್ರಕಟವಾಯಿತು, ಜುಲೈ 14ಕ್ಕೆ ಅಂತಿಮವೂ ಆಗಿಹೋಯಿತು. 2025ರಲ್ಲಿ ಐದು ಹೊಸ ಪಾಲಿಕೆಗಳ ಕರಡು ಬಂದದ್ದು ಸೆಪ್ಟೆಂಬರ್ 30ರಂದು, ಆಯುಧಪೂಜೆಯ ಹಿಂದಿನ ದಿನ. ಮನೆಮಂದಿಯೆಲ್ಲ ಊರಿಗೆ ಹೊರಟ ಹೊತ್ತು. ಹಾಗಾಗಿ ಕರಡು ಬಂದಮೇಲೆ ನೋಡೋಣ ಎಂದು ಕೂತರೆ ಕೈಗೆ ಏನೂ ಹತ್ತುವುದಿಲ್ಲ. ಅರ್ಧ ಕೆಲಸ ಕರಡಿಗೆ ಮೊದಲೇ ಆಗಿರಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ನಮ್ಮ ಬಡಾವಣೆಯನ್ನು ಒಡೆಯಬೇಡಿ’ ಎಂದು ಇನ್ನೂರು ಸಹಿ ಹಾಕಿಸಿ ಕೊಟ್ಟ ಮನವಿಗಿಂತ, ಯಾವ ಗಣತಿ ಬ್ಲಾಕ್ (ಜನಗಣತಿಗಾಗಿ ಊರನ್ನು ಹಂಚಿದ ತುಂಡು) ಎಲ್ಲಿಂದ ಎಲ್ಲಿಗೆ ಹೋಗಬೇಕು, ಹೋದರೆ ಎರಡೂ ವಾರ್ಡ್‌ಗಳ ಜನಸಂಖ್ಯೆ ಎಷ್ಟಾಗುತ್ತದೆ ಎಂದು ಬರೆದ ಒಂದೇ ಒಂದು ಪುಟಕ್ಕೆ ತೂಕ ಹೆಚ್ಚು. ಮರುವಿಂಗಡಣೆ ಮಾಡುವ ಅಧಿಕಾರಿಯ ಮೇಜಿನ ಮೇಲಿರುವುದು ಒಂದು ಕೋಷ್ಟಕ. ನಿಮ್ಮ ಆಕ್ಷೇಪಣೆ ಆ ಕೋಷ್ಟಕದ ಭಾಷೆಯಲ್ಲಿದ್ದರೆ ಅದನ್ನು ಪಕ್ಕಕ್ಕೆ ಸರಿಸಲು ಅವರಿಗೆ ಕಾರಣ ಹುಡುಕಬೇಕಾಗುತ್ತದೆ.

ಯಾರು ಮಾಡುತ್ತಾರೆ, ಯಾವ ಲೆಕ್ಕದಲ್ಲಿ

ನಗರದ ವಾರ್ಡ್ ಗಡಿ ಬರೆಯುವುದು ಚುನಾವಣಾ ಆಯೋಗ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕರ್ನಾಟಕದಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವಾರ್ಡ್ ಗಡಿ ಮತ್ತು ವಾರ್ಡ್‌ವಾರು ಮೀಸಲಾತಿಯನ್ನು ಅಧಿಸೂಚಿಸುವುದು ರಾಜ್ಯ ಸರ್ಕಾರ, ಅಂದರೆ ನಗರಾಭಿವೃದ್ಧಿ ಇಲಾಖೆ. ಸಣ್ಣ ಊರುಗಳಲ್ಲಿ ಪ್ರಸ್ತಾವ ಜಿಲ್ಲಾಧಿಕಾರಿಯವರ ಮೂಲಕ ಹೋಗುತ್ತದೆ. ರಾಜ್ಯ ಚುನಾವಣಾ ಆಯೋಗದ ಕೆಲಸ ಆಮೇಲಿನದು: ಅಂತಿಮವಾದ ಗಡಿಗೆ ತಕ್ಕಂತೆ ಮತದಾರರ ಪಟ್ಟಿ ಮಾಡುವುದು, ಚುನಾವಣೆ ನಡೆಸುವುದು. ಗಡಿಯ ತಕರಾರನ್ನು ಆಯೋಗಕ್ಕೆ ಕಳಿಸಿದರೆ ಅದು ಇಲಾಖೆಗೆ ತಿರುಗಿ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಪಾಲಿಕೆಗಳಿಗೆ 1976ರ ಪೌರನಿಗಮಗಳ ಅಧಿನಿಯಮ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಅಧಿನಿಯಮ, ಬೆಂಗಳೂರಿಗೆ 2025ರ ಮೇ 15ರಿಂದ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ. ನಿಮ್ಮ ಊರಿಗೆ ಯಾವುದು ಅನ್ವಯ ಎಂಬುದು ಕರಡಿನ ಮೊದಲ ಸಾಲಿನಲ್ಲೇ ಇರುತ್ತದೆ. ಅದನ್ನೇ ನಿಮ್ಮ ಅರ್ಜಿಯ ವಿಷಯದ ಸಾಲಿನಲ್ಲಿ ನಕಲು ಮಾಡಿ.

ಜನಸಂಖ್ಯೆ ಎಂದರೆ ಇಂದಿನ ಜನ ಅಲ್ಲ. ಸಂವಿಧಾನದ 243ಪಿ ವಿಧಿಯ ಪ್ರಕಾರ, ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಜನ. ಸದ್ಯಕ್ಕೆ ಅದು 2011ರದು. ಬೆಂಗಳೂರಿನ ಮಹದೇವಪುರದ ಕಡೆ ಆಮೇಲೆ ಎದ್ದ ಅಪಾರ್ಟ್‌ಮೆಂಟ್‌ಗಳು ಈ ಲೆಕ್ಕಕ್ಕೆ ಇಲ್ಲವೇ ಇಲ್ಲ. ಆದ್ದರಿಂದಲೇ 2011ರ ಲೆಕ್ಕದಲ್ಲಿ ಸಮಾನವಾದ ಎರಡು ವಾರ್ಡ್‌ಗಳಲ್ಲಿ ಮತದಾರರ ಸಂಖ್ಯೆ ಒಂದಕ್ಕೆರಡು ಇರಬಹುದು. ‘ನಮ್ಮಲ್ಲಿ ಈಗ ಮತದಾರರು ಇಷ್ಟಿದ್ದಾರೆ’ ಎಂಬ ವಾದವನ್ನು ಪೂರಕವಾಗಿ ಬಳಸಿ, ಮುಖ್ಯ ವಾದ ಮಾಡಬೇಡಿ. ‘2011ರ ಜನಗಣತಿಯನ್ನೇ ಆಧರಿಸಲಾಗಿದೆ’ ಎಂಬ ಒಂದೇ ಸಾಲಿನಲ್ಲಿ ಅದು ತಿರಸ್ಕೃತವಾಗುತ್ತದೆ.

ಕರಡಿಗೆ ಮೊದಲು: ಗಣತಿ ಬ್ಲಾಕ್ ಪಟ್ಟಿ

ಜನಗಣತಿಯಲ್ಲಿ ಊರನ್ನು ಸುಮಾರು 600–650 ಜನರ, ನೂರಿಪ್ಪತ್ತೈದು ಚಿಲ್ಲರೆ ಮನೆಗಳ ತುಂಡುಗಳಾಗಿ ಮಾಡಿರುತ್ತಾರೆ. ಇವೇ ಗಣತಿ ಬ್ಲಾಕ್‌ಗಳು. ವಾರ್ಡ್ ಎಂಬುದು ಈ ತುಂಡುಗಳ ಜೋಡಣೆ. ಪ್ರತಿ ಬ್ಲಾಕ್‌ನ ಒಟ್ಟು ಜನ, ಪರಿಶಿಷ್ಟ ಜಾತಿ ಜನ, ಪರಿಶಿಷ್ಟ ಪಂಗಡ ಜನ, ಈ ಮೂರು ಅಂಕಣವಿರುವ ಪಟ್ಟಿ ಮತ್ತು ಬ್ಲಾಕ್ ನಕ್ಷೆ ನಿಮ್ಮ ಕೈಲಿದ್ದರೆ ಕರಡನ್ನು ಪರೀಕ್ಷಿಸಲು ಒಂದು ಸಂಜೆ ಸಾಕು.

ಹಳೆಯ ವಾರ್ಡ್‌ಗಳ ಮಟ್ಟದ ಅಂಕಿಅಂಶ ಜನಗಣತಿ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಬ್ಲಾಕ್ ಮಟ್ಟದ್ದು ಬೇಕೆಂದರೆ ಮಾಹಿತಿ ಹಕ್ಕಿನಡಿ ಪುರಸಭೆಗೋ ಪಾಲಿಕೆಗೋ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆಕ್ಷೇಪಣೆಗೆ ಹದಿನೈದು ದಿನ, ಮಾಹಿತಿಗೆ ಮೂವತ್ತು ದಿನ: ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿದರೆ ಯಾವಾಗ ಅರ್ಜಿ ಹಾಕಬೇಕು ಎಂದು ತಿಳಿಯುತ್ತದೆ. ಮರುವಿಂಗಡಣೆಯ ಸುದ್ದಿ ಪತ್ರಿಕೆಯಲ್ಲಿ ಮೊದಲ ಸಲ ಕಂಡ ವಾರವೇ ಹಾಕಿ. ಅರ್ಜಿಯಲ್ಲಿ ‘ಮರುವಿಂಗಡಣೆಯ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆಯಬೇಡಿ. ‘2011ರ ಜನಗಣತಿಯ ಗಣತಿ ಬ್ಲಾಕ್‌ವಾರು ಒಟ್ಟು ಜನಸಂಖ್ಯೆ, ಪ.ಜಾ., ಪ.ಪಂ. ಜನಸಂಖ್ಯೆಯ ಪಟ್ಟಿ ಮತ್ತು ಬ್ಲಾಕ್ ಗಡಿ ತೋರಿಸುವ ನಕ್ಷೆಯ ಪ್ರತಿ’ ಎಂದಷ್ಟೇ ಕೇಳಿ.

ಸರಾಸರಿ ತೆಗೆಯುವುದು

ಒಟ್ಟು ಜನಸಂಖ್ಯೆಯನ್ನು ವಾರ್ಡ್‌ಗಳ ಸಂಖ್ಯೆಯಿಂದ ಭಾಗಿಸಿ. ಅದರ ಆಚೀಚೆ ಶೇ 10ರ ಏರಿಳಿತವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾನೂನಿನ ಮಾತು ‘ಸಾಧ್ಯವಾದಮಟ್ಟಿಗೆ ಸಮಾನ’ ಎಂಬುದು. ಆ ‘ಸಾಧ್ಯವಾದಮಟ್ಟಿಗೆ’ ಎಂಬಲ್ಲೇ ಎಲ್ಲ ಜಗಳ.

ಒಂದು ಕಾಲ್ಪನಿಕ ನಗರಸಭೆ ತೆಗೆದುಕೊಳ್ಳೋಣ. ಜನಸಂಖ್ಯೆ 62,000, ವಾರ್ಡ್ 31. ಸರಾಸರಿ 2,000. ಮಿತಿ 1,800ರಿಂದ 2,200. ಈಗ ಗಣತಿ ಬ್ಲಾಕ್ ಸರಾಸರಿ 620 ಎಂದಿಟ್ಟುಕೊಳ್ಳಿ. ಮೂರು ಬ್ಲಾಕ್ ಸೇರಿದರೆ 1,860, ಮಿತಿಯೊಳಗಿದೆ. ನಾಲ್ಕು ಸೇರಿದರೆ 2,480, ಮಿತಿ ದಾಟಿತು. ಎಲ್ಲ ವಾರ್ಡಿಗೂ ಮೂರೇ ಬ್ಲಾಕ್ ಕೊಡುತ್ತ ಹೋದರೆ ಕೊನೆಗೆ ಏಳು ಬ್ಲಾಕ್ ಉಳಿದುಬಿಡುತ್ತವೆ. ಹಾಗಾಗಿ ಸಣ್ಣ ಊರಿನಲ್ಲಿ ಬ್ಲಾಕ್ ಒಡೆಯದೆ ಗತಿಯಿಲ್ಲ. ಒಡೆದ ಬ್ಲಾಕ್‌ನ ಅರ್ಧದಲ್ಲಿ ಎಷ್ಟು ಜನ ಎಂಬುದಕ್ಕೆ ಪ್ರಕಟಿತ ಅಂಕಿಯಿಲ್ಲ. ಮನೆ ಎಣಿಸಿ ಅಂದಾಜು ಹಾಕುತ್ತಾರೆ. ತಪ್ಪು ನುಸುಳುವುದು, ಬೇಕೆಂದೇ ನುಸುಳಿಸುವುದು, ಎರಡೂ ಇಲ್ಲೇ. ಕರಡಿನ ಕೋಷ್ಟಕದಲ್ಲಿ ವಾರ್ಡ್ ಜನಸಂಖ್ಯೆ 2,000, 2,000, 2,000 ಎಂದು ಗುಂಡಗೆ ಕೂತಿದ್ದರೆ ಅನುಮಾನಪಡಿ. ಬ್ಲಾಕ್ ಕೂಡಿಸಿದ ಲೆಕ್ಕ ಎಂದೂ ಅಷ್ಟು ಚಂದ ಬರುವುದಿಲ್ಲ. ಯಾವ ಬ್ಲಾಕ್‌ಗಳನ್ನು ಒಡೆದಿದ್ದೀರಿ, ಯಾವ ಆಧಾರದಲ್ಲಿ ಹಂಚಿದ್ದೀರಿ ಎಂದು ಕೇಳಿ.

ದೊಡ್ಡ ನಗರದಲ್ಲಿ ಈ ನೆಪ ಇಲ್ಲ. ಹಳೆಯ ಬಿಬಿಎಂಪಿ ವ್ಯಾಪ್ತಿಯ 2011ರ ಜನಸಂಖ್ಯೆ 84.43 ಲಕ್ಷ. 198 ವಾರ್ಡ್ ಇದ್ದಾಗ ಸರಾಸರಿ 42,600ರ ಆಸುಪಾಸು. 2022ರ 243ರಲ್ಲಿ 34,700. 2023ರ 225ರಲ್ಲಿ 37,500. 2025ರ ನವೆಂಬರ್‌ನಲ್ಲಿ ಅಂತಿಮವಾದ 369ರಲ್ಲಿ ಸುಮಾರು 22,900. ಒಂದು ವಾರ್ಡಿಗೆ ಮೂವತ್ತೈದಕ್ಕೂ ಹೆಚ್ಚು ಬ್ಲಾಕ್ ಬರುವಾಗ ಒಂದೆರಡನ್ನು ಆಚೀಚೆ ಮಾಡಿ ಶೇ 10ರೊಳಗೆ ತರುವುದು ಕಷ್ಟವೇನಲ್ಲ. ತಂದಿಲ್ಲ ಎಂದರೆ ಬೇರೆ ಕಾರಣ ಇರಲೇಬೇಕು: ಕೆರೆ, ರೈಲುಹಳಿ, ಸೇನೆಯ ಜಾಗ, ವಿಧಾನಸಭಾ ಕ್ಷೇತ್ರದ ಗಡಿ, ಅಥವಾ ಬರೆಯಲಾಗದ ಕಾರಣ.

ಬೆಂಗಳೂರಿನವರು ಇನ್ನೊಂದನ್ನು ಗಮನಿಸಬೇಕು. ಈಗ ಪಾಲಿಕೆ ಒಂದಲ್ಲ, ಐದು: ಕೇಂದ್ರ 63, ಉತ್ತರ 72, ಪೂರ್ವ 50, ಪಶ್ಚಿಮ 112, ದಕ್ಷಿಣ 72 ವಾರ್ಡ್. ಸರಾಸರಿಯನ್ನು ನಿಮ್ಮ ಪಾಲಿಕೆಯೊಳಗೆ ತೆಗೆಯಬೇಕೇ ಹೊರತು ಇಡೀ ನಗರಕ್ಕಲ್ಲ. ಪೂರ್ವದ ವಾರ್ಡನ್ನು ಪಶ್ಚಿಮದ ವಾರ್ಡ್ ಜೊತೆ ಹೋಲಿಸಿ ಬರೆದ ಆಕ್ಷೇಪಣೆ ನಿಲ್ಲುವುದಿಲ್ಲ.

ಚಕ್ಕುಬಂದಿ ಓದುವುದು

ಇದು ಬಹಳ ಜನ ಬಿಟ್ಟುಬಿಡುವ, ಆದರೆ ತಪ್ಪು ಹೆಚ್ಚಾಗಿ ಸಿಗುವ ಭಾಗ. ಅಧಿಸೂಚನೆಯ ಅನುಬಂಧದಲ್ಲಿ ಪ್ರತಿ ವಾರ್ಡಿಗೂ ನಾಲ್ಕು ದಿಕ್ಕಿನ ಗಡಿಯನ್ನು ಮಾತಿನಲ್ಲಿ ಬರೆದಿರುತ್ತಾರೆ. ಆಸ್ತಿ ಪತ್ರದಲ್ಲಿ ಇರುವ ಹಾಗೆಯೇ. ಇದೇ ಚಕ್ಕುಬಂದಿ. ಜೊತೆಗೆ ನಕ್ಷೆ ಇರುತ್ತದೆ. ನಕ್ಷೆ ನೋಡಿ ಸಮಾಧಾನವಾದವರು ಬರಹ ಓದುವುದಿಲ್ಲ. ನಾಳೆ ವಿವಾದ ಬಂದರೆ ಎಲ್ಲರೂ ತೆರೆಯುವುದು ರಾಜ್ಯಪತ್ರದ ಬರಹವನ್ನೇ.

ಮಾದರಿಗೆ ಒಂದು ಚಕ್ಕುಬಂದಿ:

ಉತ್ತರ: ಸರ್ವೆ ನಂ. 42ರ ಮೂಲೆಯಿಂದ ರಾಜಕಾಲುವೆಯ ಗುಂಟ ಪೂರ್ವಕ್ಕೆ ಸಾಗಿ 7ನೇ ಅಡ್ಡರಸ್ತೆಯವರೆಗೆ.
ಪೂರ್ವ: 7ನೇ ಅಡ್ಡರಸ್ತೆಯ ಗುಂಟ ದಕ್ಷಿಣಕ್ಕೆ ಸಾಗಿ ಮುಖ್ಯರಸ್ತೆ ಸೇರುವವರೆಗೆ.
ದಕ್ಷಿಣ: ಮುಖ್ಯರಸ್ತೆಯ ಗುಂಟ ಪಶ್ಚಿಮಕ್ಕೆ ಸಾಗಿ ನೀರಿನ ಟ್ಯಾಂಕ್‌ವರೆಗೆ.
ಪಶ್ಚಿಮ: ನೀರಿನ ಟ್ಯಾಂಕ್ ಎದುರಿನ ಓಣಿಯ ಗುಂಟ ಉತ್ತರಕ್ಕೆ ಸಾಗಿ ಸರ್ಕಾರಿ ಶಾಲೆಯವರೆಗೆ.

ಬೆರಳಿಟ್ಟು ಸುತ್ತಿ ಬನ್ನಿ. ಹೊರಟದ್ದು ಸರ್ವೆ ನಂ. 42ರ ಮೂಲೆಯಿಂದ, ಮುಟ್ಟಿದ್ದು ಸರ್ಕಾರಿ ಶಾಲೆಗೆ. ಶಾಲೆಯಿಂದ ಸರ್ವೆ ನಂಬರಿನ ಮೂಲೆಯವರೆಗೆ ಗಡಿಯೇ ಇಲ್ಲ. ಸುತ್ತು ಮುಚ್ಚಿಲ್ಲ. ಆ ನಡುವೆ ಇಪ್ಪತ್ತು ಮನೆ ಇದ್ದರೆ ಅವು ಈ ವಾರ್ಡೋ ಪಕ್ಕದ್ದೋ ಯಾರಿಗೂ ಗೊತ್ತಿಲ್ಲ. ಚುನಾವಣೆಯ ಹೊತ್ತಿಗೆ ಮತದಾರರ ಪಟ್ಟಿ ಮಾಡುವ ಗುಮಾಸ್ತ ತನಗೆ ತೋಚಿದ ಕಡೆ ಹಾಕುತ್ತಾನೆ.

ಹುಡುಕಬೇಕಾದ ಬೇರೆ ತಪ್ಪುಗಳೂ ಇವೆ. ಪಕ್ಕದ ವಾರ್ಡಿನ ಚಕ್ಕುಬಂದಿ ತೆರೆದು ಹೊಂದಿಸಿ ನೋಡಿ: ನಿಮ್ಮ ಪೂರ್ವದ ಗಡಿ ಅವರ ಪಶ್ಚಿಮದ ಗಡಿಯೇ ಆಗಿರಬೇಕು, ಶಬ್ದಕ್ಕೆ ಶಬ್ದ. ನಿಮ್ಮದರಲ್ಲಿ 7ನೇ ಅಡ್ಡರಸ್ತೆ, ಅವರದರಲ್ಲಿ 8ನೇ ಅಡ್ಡರಸ್ತೆ ಎಂದಿದ್ದರೆ ನಡುವಿನ ಸಾಲು ಯಾರಿಗೂ ಸೇರಿಲ್ಲ. ತಿರುವುಮುರುವಾಗಿದ್ದರೆ ಎರಡಕ್ಕೂ ಸೇರಿದೆ. ರಸ್ತೆಯೇ ಗಡಿಯಾದಾಗ ರಸ್ತೆಯ ನಡುಗೆರೆಯೋ, ಯಾವ ಬದಿಯೋ ಎಂದು ಬರೆದಿರಬೇಕು. ಬರೆಯದಿದ್ದರೆ ಬರೆಸಿ. ಹೆಸರು ಬದಲಾದ ರಸ್ತೆಗೆ ಒಂದು ವಾರ್ಡಿನಲ್ಲಿ ಹಳೆ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು ಹಾಕಿರುತ್ತಾರೆ. ಚಪ್ಪಡಿ ಮುಚ್ಚಿ ರಸ್ತೆ ಮಾಡಿದ ರಾಜಕಾಲುವೆ ದಾಖಲೆಯಲ್ಲಿ ಇನ್ನೂ ಹರಿಯುತ್ತಿರುತ್ತದೆ. ‘ಖಾಲಿ ನಿವೇಶನ’, ‘ಮಾವಿನ ತೋಪು’, ‘ಇಂಥವರ ಮನೆ’ ಎಂಬ ಗುರುತುಗಳನ್ನು ಒಪ್ಪಲೇಬೇಡಿ. ಐದು ವರ್ಷದಲ್ಲಿ ತೋಪಿನ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿರುತ್ತದೆ. ಪೂರ್ವ–ಪಶ್ಚಿಮ ಅದಲುಬದಲಾಗುವುದು ಹಳೆಯ ರೋಗ. ನಕ್ಷೆಯನ್ನು ತಿರುಗಿಸಿ ಹಿಡಿದು ಬರೆದವರ ಕೈಚಳಕ ಅದು.

ಕಾಗದದ ಮೇಲೆ ಇಷ್ಟಾದ ಮೇಲೆ ಗಡಿಯ ಗುಂಟ ಒಂದು ಸಲ ನಡೆಯಿರಿ. ಇಬ್ಬರು ಸಾಕು. ಒಬ್ಬರು ಚಕ್ಕುಬಂದಿ ಓದುವುದು, ಇನ್ನೊಬ್ಬರು ಮೊಬೈಲಿನ ನಕ್ಷೆಯಲ್ಲಿ ಗೆರೆ ಗುರುತಿಸುವುದು. ಓದಿದ ಜಾಗ ಸಿಗದ ಕಡೆ ನಿಂತು ಫೋಟೊ ತೆಗೆಯಿರಿ. ಆ ಫೋಟೊಗಳೇ ಆಕ್ಷೇಪಣೆಯ ಅನುಬಂಧ.

ವಾರ್ಡಿನ ಆಕಾರ

ವಾರ್ಡ್ ಒಂದೇ ತುಂಡಾಗಿರಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರೆ ವಾರ್ಡ್ ಹೊಕ್ಕದೆ ಹೋಗುವ ಹಾಗಿರಬೇಕು. ರೈಲುಹಳಿಯ ಆಚೆಗಿನ ನಾಲ್ಕು ಬೀದಿಗಳನ್ನು ಈಚೆಗೆ ಸೇರಿಸಿದ್ದರೆ, ಲೆವೆಲ್ ಕ್ರಾಸಿಂಗ್ ಅಥವಾ ಕೆಳಸೇತುವೆ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆಯಿರಿ. ಇಂಥ ಕಡೆ ಮತಗಟ್ಟೆ ಯಾವ ಬದಿಗೆ ಬಂದರೂ ಇನ್ನೊಂದು ಬದಿಯ ಮುದುಕರು ಬರುವುದಿಲ್ಲ. ಬೆಂಗಳೂರಿನಲ್ಲಿ ಒಂದು ವಾರ್ಡ್ ಎರಡು ವಿಧಾನಸಭಾ ಕ್ಷೇತ್ರಗಳಿಗೆ ಹರಡದಂತೆ ನೋಡಿಕೊಳ್ಳುವುದು ಬಿಬಿಎಂಪಿ ಕಾಲದಿಂದ ಬಂದ ಪದ್ಧತಿ. ವಾರ್ಡ್ ಸಂಖ್ಯೆಗಳನ್ನು ವಾಯವ್ಯ ಮೂಲೆಯಿಂದ ಶುರುಮಾಡಿ ಹಾವು ಹರಿದ ಹಾಗೆ ಆಗ್ನೇಯಕ್ಕೆ ಇಳಿಸುವುದು ವಾಡಿಕೆ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ವಾರ್ಡಿನ ಹೆಸರಿಗಾಗಿ ಜಗಳವಾಡಿ ಗಡಿ ಮರೆತ ಊರುಗಳೇ ಹೆಚ್ಚು.

ಮೀಸಲಾತಿ ಗಡಿಯಲ್ಲೇ ಅಡಗಿರುತ್ತದೆ

ಗಡಿ ಕರಡಿನಲ್ಲಿ ಮೀಸಲಾತಿ ಪಟ್ಟಿ ಇರುವುದಿಲ್ಲ. ಅದು ಆಮೇಲೆ ಬೇರೆ ಅಧಿಸೂಚನೆಯಾಗಿ ಬರುತ್ತದೆ. ಆದರೆ ಯಾವ ವಾರ್ಡ್ ಪರಿಶಿಷ್ಟ ಜಾತಿಗೆ ಹೋಗಬಹುದು ಎಂಬುದು ಗಡಿ ಬರೆದಾಗಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಪರಿಶಿಷ್ಟರ ಪ್ರಮಾಣ ಹೆಚ್ಚಿರುವ ವಾರ್ಡ್‌ಗಳಿಂದ ಶುರುಮಾಡಿ, ಹಿಂದಿನ ಸಲ ಮೀಸಲಾಗಿದ್ದನ್ನು ಆವರ್ತನದಲ್ಲಿ, ಅಂದರೆ ಸರದಿಯ ಪ್ರಕಾರ, ಬಿಡುತ್ತ ಕೆಳಗಿಳಿಯುವುದು ಕ್ರಮ.

ಅದೇ 62,000ದ ಊರಿಗೆ ಬನ್ನಿ. ಪರಿಶಿಷ್ಟ ಜಾತಿ ಶೇ 16 ಎಂದರೆ 31ರಲ್ಲಿ 4.96, ಅಂದರೆ 5 ಸ್ಥಾನ. ಪರಿಶಿಷ್ಟ ಪಂಗಡ ಶೇ 3, ಅಂದರೆ 1 ಸ್ಥಾನ. ಹಿಂದುಳಿದ ವರ್ಗಗಳಿಗೆ ಮೂರನೇ ಒಂದು ಎಂದು ಹಿಡಿದರೆ 10. ಒಟ್ಟು 16. ಆದರೆ ಮೂರೂ ಸೇರಿ ಅರ್ಧ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಕೃಷ್ಣಮೂರ್ತಿ ಪ್ರಕರಣದಿಂದಲೂ ಹೇಳುತ್ತ ಬಂದಿದೆ. 31ರ ಅರ್ಧ ಹದಿನೈದೂವರೆ. ಹಾಗಾಗಿ ಹಿಂದುಳಿದ ವರ್ಗಕ್ಕೆ 9 ಮಾತ್ರ ಉಳಿಯುತ್ತದೆ. ಅದರಲ್ಲಿ ‘ಎ’ ವರ್ಗಕ್ಕೆ ಶೇ 80, ‘ಬಿ’ ವರ್ಗಕ್ಕೆ ಶೇ 20: ಏಳು ಮತ್ತು ಎರಡು. ಇದೆಲ್ಲದರ ಒಳಗೇ, ಪ್ರತಿ ವರ್ಗದಲ್ಲೂ, ಅರ್ಧ ಮೀರದಂತೆ ಮಹಿಳೆಯರ ಪಾಲು.

ಈಗ ಕಾಲೊನಿ ಒಡೆಯುವ ಆಟ. 1,400 ಪರಿಶಿಷ್ಟ ಜಾತಿ ಜನರ ಒಂದು ಕಾಲೊನಿ ಪೂರ್ತಿಯಾಗಿ 2,000ದ ಒಂದು ವಾರ್ಡಿನಲ್ಲಿದ್ದರೆ ಪ್ರಮಾಣ ಶೇ 70. ಮೀಸಲಾತಿ ಬಂದರೂ ಬರದಿದ್ದರೂ ಅಲ್ಲಿ ಗೆಲ್ಲುವವರನ್ನು ಕಾಲೊನಿಯೇ ನಿರ್ಧರಿಸುತ್ತದೆ. ಅದನ್ನೇ ಮೂರು ವಾರ್ಡಿಗೆ ಹಂಚಿದರೆ ಒಂದೊಂದರಲ್ಲಿ ಶೇ 23. ಮೂರು ಕಡೆಯೂ ಅಲ್ಪಸಂಖ್ಯೆ. ಸರಾಸರಿ ಮೂರರಲ್ಲೂ ಸರಿಯಾಗಿಯೇ ಇರುತ್ತದೆ, ಚಕ್ಕುಬಂದಿಯೂ ಮುಚ್ಚಿರುತ್ತದೆ. ಒಟ್ಟು ಜನಸಂಖ್ಯೆಯ ಅಂಕಣವನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ಆದ್ದರಿಂದಲೇ ಬ್ಲಾಕ್ ಪಟ್ಟಿಯಲ್ಲಿ ಪ.ಜಾ. ಅಂಕಣ ಕೇಳಿ ಎಂದದ್ದು. ಹಳೆಯ ವಾರ್ಡಿನ ಶೇಕಡಾವಾರು ಒಂದು ಸಾಲು, ಹೊಸ ವಾರ್ಡ್‌ಗಳದು ಇನ್ನೊಂದು ಸಾಲು ಬರೆದು ಪಕ್ಕದಲ್ಲಿಡಿ. ಬೇರೆ ವಿವರಣೆ ಬೇಕಾಗುವುದಿಲ್ಲ.

ಆಕ್ಷೇಪಣೆ ಬರೆಯುವುದು

ಒಂದು ತಕರಾರಿಗೆ ಒಂದು ಅರ್ಜಿ. ಗಡಿ, ಹೆಸರು, ಮೀಸಲಾತಿ, ಚರಂಡಿ ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಅತ್ಯಂತ ದುರ್ಬಲವಾದ ಅಂಶಕ್ಕೆ ಉತ್ತರ ಕೊಟ್ಟು ಇಡೀ ಪತ್ರವನ್ನು ಮುಗಿಸುತ್ತಾರೆ. ಮುಖ್ಯ ಪ್ಯಾರಾ ಹೀಗಿದ್ದರೆ ಸಾಕು:

‘ಕರಡು ಅಧಿಸೂಚನೆಯ ಅನುಬಂಧದಲ್ಲಿ ವಾರ್ಡ್ ಸಂಖ್ಯೆ 14ರ ಜನಸಂಖ್ಯೆ 2,460. ಇದು ನಗರಸಭೆಯ ಸರಾಸರಿಯಾದ 2,000ಕ್ಕಿಂತ ಶೇ 23ರಷ್ಟು ಹೆಚ್ಚು. ಹೊಂದಿಕೊಂಡಿರುವ ವಾರ್ಡ್ ಸಂಖ್ಯೆ 15ರ ಜನಸಂಖ್ಯೆ 1,640. ಸರಾಸರಿಗಿಂತ ಶೇ 18ರಷ್ಟು ಕಡಿಮೆ. ವಾರ್ಡ್ 14ರ ಪೂರ್ವದ ಅಂಚಿನಲ್ಲಿರುವ ಗಣತಿ ಬ್ಲಾಕ್ ಸಂಖ್ಯೆ 87 (ಜನಸಂಖ್ಯೆ 410) ದೊಡ್ಡಮೋರಿಯ ಆಚೆಗಿದ್ದು, ವಾರ್ಡ್ 15ರ ಬೀದಿಗಳ ಜೊತೆ ನೇರ ಸಂಪರ್ಕ ಹೊಂದಿದೆ. ಸದರಿ ಬ್ಲಾಕನ್ನು ವಾರ್ಡ್ 15ಕ್ಕೆ ಸೇರಿಸಿದಲ್ಲಿ ಎರಡೂ ವಾರ್ಡ್‌ಗಳ ಜನಸಂಖ್ಯೆ ತಲಾ 2,050 ಆಗುತ್ತದೆ. ಪರಿಷ್ಕೃತ ಚಕ್ಕುಬಂದಿ ಮತ್ತು ನಕ್ಷೆ ಲಗತ್ತಿಸಿದೆ.’

ಇದರಲ್ಲಿ ಯಾರನ್ನೂ ದೂರಿಲ್ಲ. ಯಾವ ಪಕ್ಷಕ್ಕೆ ಲಾಭ ಎಂದು ಹೇಳಿಲ್ಲ. ಆ ಮಾತು ಚಹಾದಂಗಡಿಯಲ್ಲಿ ನಿಜವಿರಬಹುದು, ಅರ್ಜಿಯಲ್ಲಿ ಬಂದರೆ ‘ರಾಜಕೀಯ ಪ್ರೇರಿತ’ ಎಂಬ ಷರಾ ಬರೆಯಲು ಅನುಕೂಲವಾಗುತ್ತದೆ. ಬದಲಿ ಗಡಿ ಕೊಡುವಾಗ ನಿಮ್ಮ ವಾರ್ಡ್ ಸರಿಹೋಗಿ ಮೂರನೆಯದು ಕೆಡದಂತೆ ನೋಡಿ. ಎರಡೇ ವಾರ್ಡ್‌ಗಳ ನಡುವೆ ಮುಗಿಯುವ ತಿದ್ದುಪಡಿ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು. ಏಳು ವಾರ್ಡ್ ಕಲಕುವ ಪ್ರಸ್ತಾವ, ಎಷ್ಟೇ ನ್ಯಾಯವಾಗಿದ್ದರೂ, ಇಷ್ಟು ಕಡಿಮೆ ದಿನದಲ್ಲಿ ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಪಕ್ಕದ ವಾರ್ಡಿನವರಿಂದಲೂ ‘ನಮಗೆ ಒಪ್ಪಿಗೆ’ ಎಂಬ ಪ್ರತ್ಯೇಕ ಪತ್ರ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದೇ ಪಠ್ಯದ ನೂರು ಜೆರಾಕ್ಸ್ ಪ್ರತಿಗಳಿಗೆ ಸಹಿ ಮಾಡಿ ಕೊಡುವುದು ದಂಡ. ಅವನ್ನೆಲ್ಲ ಒಂದೇ ಆಕ್ಷೇಪಣೆ ಎಂದು ಎಣಿಸುತ್ತಾರೆ.

ಎಲ್ಲಿ ಕೊಡಬೇಕು ಎಂಬುದು ಅಧಿಸೂಚನೆಯ ಕೊನೆಯಲ್ಲೋ ಪೀಠಿಕೆಯಲ್ಲೋ ಅಚ್ಚಾಗಿರುತ್ತದೆ. ಇಲಾಖೆ ಇರುವುದು ವಿಕಾಸಸೌಧದಲ್ಲಾದರೂ ಅಧಿಸೂಚನೆಯಲ್ಲಿ ಜಿಲ್ಲಾಧಿಕಾರಿ ಕಚೇರಿ ಎಂದಿದ್ದರೆ ಅಲ್ಲಿಗೇ ಕೊಡಿ, ನಕಲನ್ನು ಇಲಾಖೆಗೆ ಕಳಿಸಿ. ಪಾಲಿಕೆಯ ಸಹಾಯ ಕೇಂದ್ರದಲ್ಲಿ, ಶಾಸಕರ ಕಚೇರಿಯಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಟಪಾಲು ವಿಭಾಗದಲ್ಲಿ ಎರಡು ಪ್ರತಿ ಕೊಟ್ಟು ಒಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ‘ಸೀಲ್ ಒಳಗಡೆ ಇದೆ, ನಾಳೆ ಬನ್ನಿ’ ಎಂದರೆ ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಮೇಲ್ ವಿಳಾಸ ಕೊಟ್ಟಿದ್ದರೆ ಅದಕ್ಕೂ ಕಳಿಸಿ. ‘ದಿನಾಂಕದಿಂದ 15 ದಿನ’ ಎಂದರೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ, ನೀವು ಪತ್ರಿಕೆಯಲ್ಲಿ ಓದಿದ ದಿನದಿಂದಲ್ಲ. ಹದಿಮೂರನೆಯ ದಿನವೇ ಕೊನೆಯ ದಿನ ಎಂದು ಹಿಡಿಯಿರಿ.

ಅಂತಿಮ ಅಧಿಸೂಚನೆ ಬಂದ ಮೇಲೆ

ಬೆಂಗಳೂರಿನ 2025ರ ಕರಡಿನಲ್ಲಿ 368 ಇದ್ದದ್ದು ಅಂತಿಮದಲ್ಲಿ 369 ಆಯಿತು, ಪಶ್ಚಿಮದಲ್ಲಿ ಒಂದು ಹೆಚ್ಚಿ. ಕರಡಿಗೂ ಅಂತಿಮಕ್ಕೂ ವ್ಯತ್ಯಾಸ ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು. ನೀವು ಆಕ್ಷೇಪಿಸದ ವಾರ್ಡಿನಲ್ಲೂ ಗೆರೆ ಸರಿದಿರಬಹುದು, ಆದ್ದರಿಂದ ಅಂತಿಮ ಅನುಬಂಧವನ್ನು ಮತ್ತೆ ಮೊದಲಿನಿಂದ ಓದಿ.

ಒಪ್ಪಿಗೆಯಾಗದಿದ್ದರೆ ಕೋರ್ಟಿಗೆ ಹೋಗಬಹುದೇ? ಸಂವಿಧಾನದ 243ಝಡ್‌ಜಿ ವಿಧಿ, ಕ್ಷೇತ್ರ ವಿಂಗಡಣೆಯ ಕಾನೂನಿನ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎನ್ನುತ್ತದೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ಗೋವಾದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಚುನಾವಣಾ ಅಧಿಸೂಚನೆಗೆ ಮುನ್ನ ಇಂಥ ಆದೇಶಗಳನ್ನು ಪ್ರಶ್ನಿಸಲು ಅವಕಾಶವಿದೆ ಎಂದಿತು. 2024ರಲ್ಲಿ ಗುಜರಾತಿನ ಬಾರ್ಡೋಲಿ ಕ್ಷೇತ್ರದ ಪ್ರಕರಣದಲ್ಲಿ, ಆದೇಶ ಕಣ್ಣಿಗೆ ರಾಚುವಷ್ಟು ಮನಸೋಇಚ್ಛೆಯದಾಗಿದ್ದರೆ ಹೈಕೋರ್ಟ್ ಪರಿಶೀಲಿಸಬಹುದು ಎಂದಿತು. ಆದರೆ ವಾಸ್ತವ ತಿಳಿಯಲು 2022ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ನಡೆದದ್ದನ್ನು ನೋಡಬೇಕು. ಬಿಬಿಎಂಪಿಯ 243 ವಾರ್ಡ್‌ಗಳ ಗಡಿ ಪ್ರಶ್ನಿಸಿದ ಅರ್ಜಿಗಳು ವಜಾ ಆದವು. ಅದೇ ತಿಂಗಳು, ಅದೇ ವಾರ್ಡ್‌ಗಳ ಮಹಿಳಾ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿ ರದ್ದಾಗಿ ಹೊಸದಾಗಿ ಮಾಡಬೇಕಾಯಿತು. ಗಡಿಯ ಹೋರಾಟವನ್ನು ಕರಡಿನ ಹದಿನೈದು ದಿನದಲ್ಲೇ ಗೆಲ್ಲಬೇಕು. ಮೀಸಲಾತಿಯಲ್ಲಿ ಆವರ್ತನದ ಲೆಕ್ಕ ತಪ್ಪಿದ್ದರೆ ಕೋರ್ಟಿನಲ್ಲಿ ನಿಲ್ಲುವ ಅವಕಾಶ ಹೆಚ್ಚು. ಹಾಗಾಗಿ ಹಿಂದಿನ ಎರಡು ಚುನಾವಣೆಗಳ ಮೀಸಲಾತಿ ಪಟ್ಟಿಯನ್ನು ತೆಗೆದಿಟ್ಟುಕೊಂಡಿರಿ.

ಒಂದು ಎಚ್ಚರಿಕೆ. ಮೊಕದ್ದಮೆ ಹೂಡಿದರೆ ಚುನಾವಣೆ ಮುಂದೆ ಹೋಗುತ್ತದೆ ಎಂದು ಖುಷಿಪಡುವ ಜನ ಪ್ರತಿ ಊರಿನಲ್ಲೂ ಇದ್ದಾರೆ, ಅವರಲ್ಲಿ ಕೆಲವರು ನಿಮ್ಮ ವಕೀಲರ ಫೀಸು ಕೊಡಲೂ ಮುಂದೆ ಬರಬಹುದು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಮೂರು ಸಲ ಗಡಿ ಬದಲಾಯಿತು, ಐದು ವರ್ಷ ದಾಟಿದರೂ ಚುನಾಯಿತ ಸದಸ್ಯರು ಬರಲಿಲ್ಲ. ಮರುವಿಂಗಡಣೆ ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ತಡೆಯುವಂತಿಲ್ಲ, ಹಳೆಯ ಗಡಿಯಲ್ಲೇ ನಡೆಸಿ ಎಂದು ಸುಪ್ರೀಂ ಕೋರ್ಟ್ 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಗ್ರಾಮ ಪಂಚಾಯಿತಿಯವರಿಗೆ ಎರಡು ಮಾತು: ಅಲ್ಲಿ 400 ಜನಕ್ಕೆ ಒಬ್ಬ ಸದಸ್ಯ, ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರೂ ಇರಬಹುದು. ಆದ್ದರಿಂದ ಸರಾಸರಿ ತೆಗೆಯುವಾಗ ಕ್ಷೇತ್ರದ ಜನಸಂಖ್ಯೆಯನ್ನು ಅಲ್ಲಿನ ಸದಸ್ಯರ ಸಂಖ್ಯೆಯಿಂದ ಭಾಗಿಸಿ ಹೋಲಿಸಬೇಕು.

ಮತದಾರರ ಪಟ್ಟಿಗೆ ಇನ್ನೊಮ್ಮೆ ಕಣ್ಣು ಹಾಯಿಸಿ

ಗಡಿ ಅಂತಿಮವಾದ ಮೇಲೆ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡ್‌ವಾರು ಹಂಚುತ್ತಾರೆ. ವಿಧಾನಸಭಾ ಪಟ್ಟಿಯ ಒಂದು ಭಾಗ (ಒಂದು ಮತಗಟ್ಟೆಯ ಹೆಸರುಗಳು) ಎರಡು ವಾರ್ಡಿಗೆ ಸೀಳಿದಾಗ, ಮನೆ ಸಂಖ್ಯೆ ನೋಡಿ ಹೆಸರುಗಳನ್ನು ಬೇರ್ಪಡಿಸಬೇಕು. ನಮ್ಮ ಮನೆ ಸಂಖ್ಯೆಗಳ ಕಥೆ ಗೊತ್ತೇ ಇದೆ: ಹಳೆ ನಂಬರು, ಹೊಸ ನಂಬರು, ಕಂದಾಯದ ನಂಬರು, ಕೆಲವಕ್ಕೆ ನಂಬರೇ ಇಲ್ಲ. ಅದರಿಂದ ಗಡಿ ರಸ್ತೆಯ ಮನೆಗಳಲ್ಲಿ ಗಂಡ 14ನೇ ವಾರ್ಡಿಗೂ ಹೆಂಡತಿ 15ನೇ ವಾರ್ಡಿಗೂ ಹೋಗಿಬಿಡುತ್ತಾರೆ.

ವಾರ್ಡ್‌ವಾರು ಕರಡು ಪಟ್ಟಿ ಬಂದಾಗ ಇಡೀ ಪಟ್ಟಿ ನೋಡಬೇಕಿಲ್ಲ. ಗಡಿಗೆ ಅಂಟಿಕೊಂಡ ಬೀದಿಗಳನ್ನಷ್ಟೇ ಹಿಡಿಯಿರಿ. ಆ ಬೀದಿಯ ಹತ್ತು ಮನೆಗಳ ಹೆಸರು ಎರಡೂ ವಾರ್ಡಿನ ಪಟ್ಟಿಯಲ್ಲಿ ಹುಡುಕಿ. ತಪ್ಪು ಸಿಕ್ಕರೆ ಒಂದು ಮನೆಯದಲ್ಲ, ಇಡೀ ಸಾಲಿನದೇ ಆಗಿರುತ್ತದೆ. ಆಗ ಒಬ್ಬೊಬ್ಬರ ಅರ್ಜಿಯ ಬದಲು, ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಇಂತಿಷ್ಟರಿಂದ ಇಂತಿಷ್ಟರವರೆಗಿನ ಹೆಸರುಗಳು ಚಕ್ಕುಬಂದಿಯ ಪ್ರಕಾರ ಇಂಥ ವಾರ್ಡಿಗೆ ಸೇರಬೇಕು ಎಂದು ಬರೆದು, ಅಂತಿಮ ಅಧಿಸೂಚನೆಯ ಆ ಪುಟದ ಪ್ರತಿ ಲಗತ್ತಿಸಿ ಮತದಾರರ ನೋಂದಣಾಧಿಕಾರಿಗೆ ಕೊಡಿ. ಹೆಸರು ಎರಡು ಕಡೆಯೂ ಸಿಗದಿದ್ದರೆ ಮೊದಲು ವಿಧಾನಸಭಾ ಪಟ್ಟಿ ನೋಡಿ. ಅಲ್ಲೂ ಇಲ್ಲದಿದ್ದರೆ ಹೊಸದಾಗಿ ಹೆಸರು ಸೇರಿಸುವ ನಮೂನೆ 6 ತುಂಬಬೇಕು, ವಾರ್ಡಿನ ಗಡಿ ಹಿಡಿದು ವಾದಿಸಿ ಫಲವಿಲ್ಲ.

ಸ್ಪರ್ಧಿಸುವ ಯೋಚನೆ ಇರುವವರು ತಮ್ಮ ಮನೆ ಪಕ್ಕದ ವಾರ್ಡಿಗೆ ಹೋಯಿತೆಂದು ಗಾಬರಿಪಡಬೇಕಿಲ್ಲ. ಅದೇ ಪಾಲಿಕೆಯ ಯಾವುದಾದರೂ ಒಂದು ವಾರ್ಡಿನ ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ವಾರ್ಡಿನಿಂದಲೂ ನಿಲ್ಲಬಹುದು. ಮತ ಹಾಕುವುದು ಮಾತ್ರ ಹೆಸರಿರುವ ವಾರ್ಡಿನ ಮತಗಟ್ಟೆಯಲ್ಲೇ.